ಮುನ್ನೂರ ಹದಿನೆಂಟನೇ ಬಿಲ್ಲೆ

ಚಟ್ಟದ ನಾಲ್ಕು ಮೂಲೆಗೆ ನಾಲ್ವರು ಬಗ್ಗಿ ಇನ್ನೇನು ಹೆಗಲು ಕೊಡಬೇಕು, ಶ್ಯಾಮಲಾ ಮುಂದಿನ ಬಿದಿರನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು.

“ಎತ್ತಬೇಡ್ರಣ್ಣಾ. ಕದಿರಮ್ಮ ಬರ್ಲಿ.”

ನಾಲ್ವರೂ ನೆಟ್ಟಗೆ ನಿಂತರು. ಭಜನೆಯವರು ಪದದ ಮೊದಲ ಸಾಲು ಹಾಡಿದ್ದರು. ಎರಡನೆಯದನ್ನು ಬಾಯಲ್ಲೇ ಇಟ್ಟುಕೊಂಡು ತಾಳ ಕೆಳಗಿಟ್ಟರು.

“ಅಕ್ಕಾ, ಮೂರಕ್ಕೆ ರಾಹುಕಾಲ,” ಅಂದ ಚಿಕ್ಕಪ್ಪನ ಮಗ ಸುಧಾಕರ್. ಕೊಳ್ಳಿ ಇಡಬೇಕಾದವನು ಅವನೇ. “ನಲವತ್ತೊಂದು ವರ್ಷ ಮಾತಾಡದ ಯಮ್ಮ ಈಗ ಬತ್ತಾಳಾ? ಬೆಳಿಗ್ಗೆ ನೀನೇ ಓಗಿ ಕೂಗಿದ್ದಲ್ಲ, ಬಾಗ್ಲು ತೆಗುದ್ಲಾ?”

“ತೆಗೀಲಿಲ್ಲ.”

“ಮತ್ತೆ?”

“ಕದಿರಮ್ಮ ಮೊಖ ನೋಡೋಗಂಟ ನನ್ನ ಎತ್ತಬೇಡಿ ಅಂದಿದ್ದ ಅಪ್ಪ. ನನ್ನ ಕೇಳಿದ್ದು ಅದೊಂದೇ. ಮೂರರಗಂಟ ಇರು.”

ಸುಧಾಕರ್ ಗಡಿಯಾರ ನೋಡಿಕೊಂಡ. ಎರಡು ಗಂಟೆ ಹತ್ತು ನಿಮಿಷ.

ವರ್ಷಕ್ಕೊಮ್ಮೆ ಇದೇ ತಾರೀಖಿಗೆ ಶ್ಯಾಮಲಾಳ ಅಪ್ಪ ಮುನೀಂದ್ರ ಮಿಂದು, ಮಡಿ ಪಂಚೆ ಉಟ್ಟು, ಮೇಲಿನ ಸಾಲಿನ ಕೊನೆಯ ಮನೆಗೆ ಹೋಗಿ ಕದಿರಮ್ಮನ ಬಾಗಿಲ ಹೊರಗೆ ಕಟ್ಟೆಯ ಮೇಲೆ ಮಧ್ಯಾಹ್ನದವರೆಗೆ ಕೂರುತ್ತಿದ್ದ. ಬಾಗಿಲು ತೆರೆಯುತ್ತಿರಲಿಲ್ಲ. ಎದ್ದು ಬರುತ್ತಿದ್ದ. ಈ ಬೆಳಿಗ್ಗೆಯೂ ಪಂಚೆ ಉಟ್ಟಾಗಿತ್ತು. ಚಪ್ಪಲಿ ಮೆಟ್ಟಲು ಹೊಸಿಲ ಮೇಲೆ ಕೂತವನು ಮತ್ತೆ ಏಳಲಿಲ್ಲ.

ಬೇವಿನ ನೆರಳಲ್ಲಿ ಆಂಜನಪ್ಪ ಪೇಪರು ಬಿಡಿಸಿದ. ಗಣಿ ನಡೆಯುತ್ತಿದ್ದಾಗ ದೀಪದ ಕೋಣೆಯಲ್ಲಿದ್ದವನು. ಈಗ ಒಂದೇ ಕಣ್ಣು ಕಾಣುತ್ತದೆ.

“ಇತಿಹಾಸದಲ್ಲಿ ಈ ದಿನ ಅಂತ ಆಕವ್ರೆ. ಯಾವ್ದೋ ದೇಶದಾಗೆ ರಾಜನ್ನ ಇಳಿಸಿದ್ರಂತೆ. ಒಬ್ಬ ವಿಜ್ಞಾನಿ ಉಟ್ಟಿದ್ನಂತೆ. ಒಂದು ಅಡಗು ಮುಳುಗ್ತಂತೆ. ಎಲ್ಲಾ ಇವತ್ತಿನ ತಾರೀಖೇ.”

“ನಮ್ಮ ಗಣಿ ಲೈನಿಂದು ಬರ್ದವ್ರಾ ನೋಡ್ಲಾ,” ಎಲೆಗೆ ಸುಣ್ಣ ಸವರುತ್ತ ಕೇಳಿದಳು ಮುದುಕಿ ಚಿಕ್ಕವೆಂಕಟಮ್ಮ.

“ಇಲ್ಲ ಕಣಮ್ಮಿ. ಜಾಗ ಸಾಲ್ಲಿಲ್ವೇನೋ.”

“ಆ ರಾಜನ್ನ ಕಿತ್ತಾಕಿದ್ರೆ ಜಾಗ ಆಗ್ತಿತ್ತು.”

ಯಾರೋ ನಕ್ಕರು. ನಕ್ಕವರೇ ಶ್ಯಾಮಲಾಳ ಕಡೆ ನೋಡಿ ಬಾಯಿಗೆ ಟವೆಲ್ಲು ಅಡ್ಡ ಹಿಡಿದರು. ಅವಳು ಹುಟ್ಟಿದ ದಿನವೂ ಅದೇ. ಅದನ್ನು ಆ ಮನೆಯಲ್ಲಿ, ತೀರಿಹೋದ ತಾಯಿಯೂ ಸೇರಿ, ಯಾರೂ ಯಾವತ್ತೂ ಬಾಯಿಬಿಟ್ಟು ಹೇಳಿದವರಲ್ಲ.

*

ನಲವತ್ತೊಂದು ವರ್ಷದ ಹಿಂದೆ ಆ ಬೆಳಿಗ್ಗೆ ಮುನೀಂದ್ರನ ಹೆಂಡತಿ ಸರಸ್ವತಮ್ಮನಿಗೆ ನೋವು ಶುರುವಾಗಿತ್ತು. ಅವನ ರಜೆಯೆಲ್ಲ ಮುಗಿದಿತ್ತು. ಆಗ ಪಕ್ಕದ ಮನೆಯಲ್ಲಿದ್ದ ಕದಿರಮ್ಮನ ಗಂಡ ಸೆಲ್ವರಾಜನಿಗೆ ಅವತ್ತು ವಾರದ ರಜೆ.

“ಅಣ್ಣಾ, ನಿನ್ ಬಿಲ್ಲೆ ಕಿಟಕೀಲಿ ನಾನ್ ಇಸ್ಕೊಂತೀನಿ. ನಿನ್ ಹೆಸರಲ್ಲಿ ನಾನ್ ಇಳೀತೀನಿ, ನೀನು ಓಗಿ ಅತ್ತೇನ ಕರ್ಕೊಂಡ್ ಬಾ. ಕದಿರಮ್ಮಂಗೆ ಮಾತ್ರ ಹೇಳ್ಬೇಡ. ರಜಾ ದಿನ ಗಣಿಗೆ ಇಳಿದೆ ಅಂದ್ರೆ ನನ್ನ ಅಲ್ಲೇ ಹೂತಾಕ್ತಾಳೆ.”

ಗಣಿಯಲ್ಲಿ ಒಬ್ಬೊಬ್ಬನಿಗೂ ನಂಬರು ಹೊಡೆದ ಒಂದು ಹಿತ್ತಾಳೆ ಬಿಲ್ಲೆ. ಇಳಿಯುವಾಗ ಅದು ಕೊರಳಲ್ಲಿ, ಮೇಲೆ ಬಂದ ಮೇಲೆ ದೀಪದ ಕೋಣೆಯ ಕಿಟಕಿಯಲ್ಲಿ. ಒಳಗಿನ ಆಂಜನಪ್ಪ ನಂಬರು ಕೂಗಿ ಮೊಳೆಗೆ ತಗುಲಿಸಿದರೆ ಆಳು ಮೇಲೆ ಬಂದ ಹಾಗೆ. ಆ ನೂಕುನುಗ್ಗಲಿನಲ್ಲಿ ಅವನು ನೋಡುತ್ತಿದ್ದದ್ದು ನಂಬರನ್ನು, ಮುಖವನ್ನಲ್ಲ.

ಹತ್ತೂಕಾಲಿಗೆ ಹೆಣ್ಣು ಮಗು ಹುಟ್ಟಿತು. ಹೆರಿಗೆ ಮಾಡಿಸಿದವಳು ಕದಿರಮ್ಮ. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಹುಯ್ದು, ಹಳೆ ಸೀರೆಯಲ್ಲಿ ಸುತ್ತಿದಳು. ಮುನೀಂದ್ರ ಅತ್ತೆಯನ್ನು ಕರೆತರಲು ಬೂದಿಕೋಟೆಗೆ ಹೋಗಿದ್ದ. ಹೆತ್ತ ಸುಸ್ತಿಗೆ ಮಂಪರಿನಲ್ಲಿದ್ದ ಸರಸ್ವತಮ್ಮನಿಗೆ ಗಂಡ ಎಲ್ಲಿಗೆ ಹೋದನೆಂಬುದೂ ಗೊತ್ತಿರಲಿಲ್ಲ; ಅವನು ಗಣಿಗೆ ಇಳಿದಿದ್ದಾನೆಂದೇ ಕದಿರಮ್ಮ ತಿಳಿದಿದ್ದಳು.

ಹನ್ನೆರಡಕ್ಕೆ ಕಂಪನಿಯವನೊಬ್ಬ ಬಾಗಿಲಲ್ಲಿ ಸೈಕಲ್ಲು ನಿಲ್ಲಿಸಿದ.

“ಮುನ್ನೂರ ಹದಿನೆಂಟು, ಮುನೀಂದ್ರನ ಮನೆ ಇದೇನಾ?”

ಕೆಳಗೆ ಬಂಡೆ ಸಿಡಿದಿತ್ತು. ಮುಖ ಗುರುತು ಸಿಗುವ ಹಾಗಿರಲಿಲ್ಲ, ಬಿಲ್ಲೆ ಸಿಕ್ಕಿತ್ತು.

ಎರಡು ಗಂಟೆ ಹೊತ್ತು ಆ ಮನೆಯಲ್ಲಿ ಅಳು ತುಂಬಿತು. ಕದಿರಮ್ಮ ಒಂದು ತೋಳಲ್ಲಿ ಮಗು, ಇನ್ನೊಂದು ತೋಳಲ್ಲಿ ಬಾಣಂತಿಯನ್ನು ಹಿಡಿದುಕೊಂಡಿದ್ದಳು. “ಅಳಬೇಡಕ್ಕಾ, ನಾನಿದೀನಿ. ನನ್ ಗಂಡ ಇದಾನೆ. ನಿನ್ ಮಗೀನ ನಾವು ಬಿಟ್ಟಾಕ್ತೀವಾ?” ಎಂದು ಅದನ್ನೇ ಮತ್ತೆ ಮತ್ತೆ ಹೇಳಿದಳು.

ಎರಡು ಗಂಟೆಗೆ ಮುನೀಂದ್ರ ಅತ್ತೆಯ ಜೊತೆ, ಕೈಯಲ್ಲಿ ಸಕ್ಕರೆ ಪೊಟ್ಟಣ ಹಿಡಿದು ಒಳಗೆ ಬಂದ.

ಸರಸ್ವತಮ್ಮ ಚೀರಿದಳು. ಕದಿರಮ್ಮ ಚೀರಲಿಲ್ಲ. ಮಗುವಿನ ತಲೆಗೆ ಸೀರೆ ಸರಿಪಡಿಸುತ್ತಿದ್ದ ಕೈ ಹಾಗೇ ನಿಂತಿತು.

“ಅಂಗಾದ್ರೆ ಇಳಿದೋನು ಯಾರಣ್ಣಾ?”

ಮುನೀಂದ್ರನ ಕೈಯಿಂದ ಸಕ್ಕರೆ ಜಾರಿ ನೆಲಕ್ಕೆ ಚೆಲ್ಲಿತು. ಅವಳು ಮಗುವನ್ನು ಮೆಲ್ಲಗೆ ತಾಯಿಯ ಪಕ್ಕಕ್ಕೆ ಮಲಗಿಸಿ, ಸಕ್ಕರೆ ತುಳಿಯದೆ ಬಳಸಿಕೊಂಡು ಹೊರಗೆ ಹೋದಳು. ಮತ್ತೆ ಆ ಹೊಸಿಲು ದಾಟಲಿಲ್ಲ.

*

ಮೂರಕ್ಕೆ ಹತ್ತು ನಿಮಿಷವಿತ್ತು.

“ಸಾಕು ಬಿಡಕ್ಕಾ,” ಎಂದು ಸುಧಾಕರ್ ಬಿದಿರಿನ ಮೇಲಿದ್ದ ಅವಳ ಕೈಯನ್ನು ಬಿಡಿಸತೊಡಗಿದ. ಅವಳು ಬಿಟ್ಟಳು. ನಾಲ್ವರು ಮತ್ತೆ ಬಗ್ಗಿದರು.

“ಇರ್ರಲಾ,” ಅಂದ ಆಂಜನಪ್ಪ, ಪೇಪರು ಮಡಿಸಿ ಏಳುತ್ತ.

ನಲ್ಲಿಯ ಬಳಿಯಿಂದ ಕದಿರಮ್ಮ ಬರುತ್ತಿದ್ದಳು, ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ. ಜನ ದಾರಿ ಬಿಟ್ಟರು. ಅವಳು ಚಟ್ಟದ ತಲೆಯ ಕಡೆ ಕೂತು ಆ ಮುಖವನ್ನು ಬಹಳ ಹೊತ್ತು ನೋಡಿದಳು.

“ಬೆಳಿಗ್ಗೆ ನೀನು ಕೂಗಿದ್ದು ಕೇಳಿಸ್ತು ಮಗಾ,” ಎಂದಳು ಶ್ಯಾಮಲಾಳಿಗೆ. “ಬಾಗ್ಲು ತೆಗುದ್ರೆ ಕಟ್ಟೆ ಖಾಲಿ ಇರ್ತದೆ ಅಂತ ತೆಗೀಲಿಲ್ಲ. ವರ್ಷಾವರ್ಷ ಬಾಗ್ಲಿಗೆ ಬೆನ್ನು ಕೊಟ್ಕೊಂಡು ಕೂತಿರ್ತಿದ್ದೆ. ಆ ಕಡೆ ಅವ್ನು, ಈ ಕಡೆ ನಾನು. ಅವ್ನು ಎದ್ದೋದ ಮೇಲೇನೇ ನಾನು ಒಲೆ ಅಚ್ತಿದ್ದುದು.”

“ಒಂದ್ಸಲನಾದ್ರೂ ತೆಗೀಬೋದಿತ್ತಲ್ಲ ಚಿಕ್ಕಮ್ಮಾ.”

“ತೆಗೀಬೋದಿತ್ತು.”

ಅವಳು ಸೆರಗಿನ ಗಂಟು ಬಿಚ್ಚಿದಳು. ಗಂಡನ ಹೆಣದ ಜೊತೆ ಅವಳ ಕೈಗೆ ಬಂದಿದ್ದ, ತಿಕ್ಕಿ ತಿಕ್ಕಿ ಅಂಚು ಸವೆದ ಹಿತ್ತಾಳೆ ಬಿಲ್ಲೆ. ಮುನೀಂದ್ರನ ಹಣೆಗೆ ಅಂಟಿಸಿದ್ದ ಒಂದು ರೂಪಾಯಿಯನ್ನು ತೆಗೆದು ಅವನ ಎದೆಯ ಹೂವಿನ ಮೇಲಿಟ್ಟು, ಆ ಜಾಗದಲ್ಲಿ ಬಿಲ್ಲೆ ಇಟ್ಟು ಬೆರಳಿಂದ ಒತ್ತಿದಳು.

“ನಿಂದು ನಿಂಗೇ ಅಣ್ಣಾ. ಎತ್ರಪ್ಪಾ ಇನ್ನ.”

ಚಟ್ಟ ಎದ್ದಿತು. ಬಿಸಿಲಿಗೆ ಬರುತ್ತಲೇ ಹಣೆಯ ಹಿತ್ತಾಳೆ ಮಿಂಚಿತು. ಬೇವಿನ ಕೆಳಗಿದ್ದ ಆಂಜನಪ್ಪ ಒಂದೇ ಕಣ್ಣು ಕಿರಿದು ಮಾಡಿ ಅದನ್ನು ಓದಿದ. ಹಳೆಯ ಕಿಟಕಿಯಲ್ಲಿ ಕೂಗುತ್ತಿದ್ದ ದನಿಯಲ್ಲೇ ಕೂಗಿದ.

“ಮುನ್ನೂರ ಹದಿನೆಂಟೂ!”

ಭಜನೆಯವರು ಎರಡನೆಯ ಸಾಲು ಎತ್ತಿಕೊಂಡರು. ಪದ ಸಾಲುಮನೆಗಳ ತಿರುವಿನವರೆಗೆ ಕೇಳಿಸಿತು, ಆಮೇಲೆ ತಾಳ ಮಾತ್ರ.

ಹೆಂಗಸರು ಮನೆ ತೊಳೆದು ಒಬ್ಬೊಬ್ಬರಾಗಿ ತಲೆಗೆ ನೀರು ಹುಯ್ದುಕೊಂಡು ಹೋದರು. ಹಿತ್ತಲ ಬಚ್ಚಲ ಕಲ್ಲಿನ ಮೇಲೆ ಕೂತ ಶ್ಯಾಮಲಾ ಚೊಂಬಿಗೆ ಕೈ ಚಾಚಿದಳು. ಚೊಂಬು ಆಗಲೇ ಕದಿರಮ್ಮನ ಕೈಯಲ್ಲಿತ್ತು.

“ಹತ್ತೂಕಾಲಿಗೆ ಉಟ್ಟಿದ್ದು ನೀನು. ನಲವತ್ತೊಂದು ತುಂಬ್ತು,” ಎಂದಳು ಕದಿರಮ್ಮ. “ಬಗ್ಗು.”

ಶ್ಯಾಮಲಾ ತಲೆ ಬಗ್ಗಿಸಿದಳು. ಮುದುಕಿ ಒಂದು ಕೈಯಲ್ಲಿ ನೀರು ಹುಯ್ಯುತ್ತ, ಕಣ್ಣಿಗೆ ಇಳಿಯದ ಹಾಗೆ ಇನ್ನೊಂದು ಅಂಗೈಯನ್ನು ಅವಳ ಹಣೆಗೆ ಅಡ್ಡ ಹಿಡಿದಳು.