ಬ್ರೇಕಿನ ಮೇಲೆ ಒಂದು ಕಾಲು

ನಾನು ಒಂದು ಕಾರು. ಕಾರ್ಖಾನೆಯಿಂದ ಹೊರಬಿದ್ದಾಗ ನನಗೆ ನಾಲ್ಕು ಬಾಗಿಲುಗಳಿದ್ದವು, ಬೂದು ಬಣ್ಣವಿತ್ತು, ಹಿಂದಿನ ಸೀಟಿನಲ್ಲಿ ಮೂರು ಜನ ಆರಾಮಾಗಿ ಕೂಡಬಹುದಿತ್ತು. ಬೆಳಗಾವಿಯ ಒಬ್ಬ ಹೆರಿಗೆ ಡಾಕ್ಟರಮ್ಮ ನನ್ನನ್ನು ಕೊಂಡರು. ಬೇಗ ಹೋಗಬೇಕೆಂದರೆ ಹೊಸ್ತಿಲಲ್ಲೇ ಚಪ್ಪಲಿ ಮರೆತು ಬಂದು ಕೂಡುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ನಾನು ಗುರುಸಿದ್ಧನ ಮನೆಗೆ ಬಂದೆ.

ಗುರುಸಿದ್ಧನಿಗೆ ಸ್ವಂತ ಲೇತ್ ಇತ್ತು. ವಾರವೆಲ್ಲ ಊರವರ ಪಂಪುಗಳಿಗೆ ಬಿಡಿಭಾಗ ಮಾಡಿಕೊಡುತ್ತಿದ್ದ ಅವನು ಭಾನುವಾರ ನನ್ನೊಬ್ಬನ ಪಾಲಿಗೆ ಇರುತ್ತಿದ್ದ. ಅವನಿಗೆ ಸ್ಪೋರ್ಟ್ಸ್ ಕಾರು ಬೇಕಾಗಿತ್ತು. ಕೊಳ್ಳಲಾಗದ್ದನ್ನು ಕೈಯಾರೆ ಮಾಡಿಕೊಳ್ಳಬಲ್ಲೆನೆಂಬ ಜಂಬವೂ ಇತ್ತು. ನನ್ನ ತಲೆ, ಅಂದರೆ ಮೇಲಿನ ಮಾಡು, ಕೊಯ್ದ. ಸ್ಪ್ರಿಂಗ್ ಕತ್ತರಿಸಿ ನನ್ನನ್ನು ನೆಲಕ್ಕೆ ತಗ್ಗಿಸಿದ. ದಪ್ಪ ಸೈಲೆನ್ಸರ್ ಕೂಡಿಸಿದ. ಕೆಂಪು ಬಣ್ಣ ಹೊಡೆದ. ಪಕ್ಕದ ಮನೆಯ ಮುದುಕ ಗೋಡೆಯಾಚೆಯಿಂದ ಇಣುಕಿ, "ಏ ಗುರುಸಿದ್ಧಾ, ಇದು ಕಾರೋ, ಕಪ್ಪಿಯೋ?" ಎಂದ. ಕಪ್ಪೆಯೇ ಸರಿ. ಆದರೆ ನಾನು ಎಷ್ಟು ಚಂದ ಜಿಗಿಯುತ್ತಿದ್ದೆ!

ಹಿಂದಿನ ಸೀಟು ಕಿತ್ತ ದಿನ ಅವನ ಹೆಂಡತಿ ನೀಲಾ ಅಂಗಳಕ್ಕೆ ಬಂದಳು. ಮಣ್ಣಿನಲ್ಲಿ ಬಿದ್ದಿದ್ದ ಸೀಟಿನ ಮೇಲೆ ಕೈಯಾಡಿಸಿ ಕೇಳಿದಳು, "ಇನ್ನ ಮ್ಯಾಲೆ ಯಾರರ ಬಂದ್ರ ಎಲ್ಲೆ ಕೂಡ್ತಾರ್ರೀ?"

"ಯಾರು ಬರ್ತಾರ?" ಎಂದ ಗುರುಸಿದ್ಧ, ತಲೆಯೆತ್ತದೆ.

ನೀಲಾ ಸೀಟಿನ ಧೂಳು ಕೊಡವಿ ಒಳಗೊಯ್ದಳು. ಮಗುವಿಗಾಗಿ ಆಸ್ಪತ್ರೆಗಳಿಗೆ ಅಲೆಯುವುದನ್ನು ಅವರು ಅದೇ ವರ್ಷ ನಿಲ್ಲಿಸಿದ್ದರೆಂದು ನನಗೆ ತಿಳಿದದ್ದು ಆಮೇಲೆ.

ನನ್ನ ಬಳಿ ಅವಳಿಗೆ ಇದ್ದದ್ದು ಒಂದೇ ಕೆಲಸ. ಬ್ರೇಕಿನ ಕೊಳವೆಯೊಳಗೆ ಗಾಳಿ ಸೇರಿದರೆ ಪೆಡಲು ಹತ್ತಿಯಂತಾಗುತ್ತದೆ. ಆ ಗಾಳಿ ತೆಗೆಯಲು ಇಬ್ಬರು ಬೇಕು. ಗುರುಸಿದ್ಧ ಚಕ್ರದ ಬದಿಗೆ ಮಲಗಿ, "ಒತ್ತು" ಎನ್ನುವನು. ಒಳಗೆ ಕೂತ ನೀಲಾ ಪೆಡಲು ತುಳಿದು, "ಹಿಡದೀನ್ರೀ" ಎನ್ನುವಳು. ಅವನು ಚಕ್ರದ ಹಿಂದಿನ ಚಿಕ್ಕ ತಿರುಪು ಸಡಿಲಿಸುವನು. ಎಣ್ಣೆಯೊಂದಿಗೆ ಗಾಳಿ ಬುಸುಗುಟ್ಟಿ ಹೊರಬರುವುದು. ತಿರುಪು ಬಿಗಿದು, "ಬಿಡು" ಎನ್ನುವನು. ಆಗಲೇ ಅವಳು ಕಾಲು ತೆಗೆಯಬೇಕು. ಮೊದಲೇ ತೆಗೆದರೆ ಗಾಳಿ ಮತ್ತೆ ಒಳಗೆ, ಮಾಡಿದ್ದೆಲ್ಲ ಹಾಳು.

ಒತ್ತು, ಹಿಡದೀನ್ರೀ, ಬಿಡು. ಎಷ್ಟೋ ಭಾನುವಾರ ಆ ಮನೆಯಲ್ಲಿ ಇದಕ್ಕಿಂತ ಹೆಚ್ಚು ಮಾತು ಇರುತ್ತಿರಲಿಲ್ಲ. ಅವನು ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. "ಏ, ಇಲ್ಲಿ ಬಾ" ಎಂದರೆ ಅದು ಅವಳಿಗೆ. ಕೆಲಸ ಮುಗಿದ ಮೇಲೆ ಅವನು ನನ್ನನ್ನು ಓಡಿಸಿಕೊಂಡು ಗೋಕಾಕದ ರಸ್ತೆಗೆ ಹೋಗುವನು. ಪಕ್ಕದ ಸೀಟಿನಲ್ಲಿ ಗೆಳೆಯನೊಬ್ಬ ಇರುವನು. ಅವಳು ಗೇಟು ಹಾಕಿಕೊಳ್ಳುವಳು.

ಒಂದು ಮಧ್ಯಾಹ್ನ ಲೇತಿನ ಮುಂದೆಯೇ ಅವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಹೋಯಿತು. ನೀಲಾ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ದಿನಾ ಕೇಳುವಳು, "ನನ್ನ ಹೆಸರ ಹೇಳ್ರೀ. ನೀಲಾ. ಎರಡ ಅಕ್ಷರ. ಹಿಂದ ಹೇಳ್ಲಿಲ್ಲ, ಈಗರ ಹೇಳ್ರೀ." ಅವನ ಬಾಯಿಂದ ಉಗುಳಷ್ಟೇ ಬರುವುದು. ಅವಳು ಸೆರಗಿನಿಂದ ಒರೆಸುವಳು.

ನಾನು ನಿಂತಲ್ಲೇ ನಿಂತೆ. ಬ್ರೇಕಿನ ಎಣ್ಣೆ ಸೋರಿತು. ಗುರುಸಿದ್ಧನ ತಮ್ಮ ಶಶಿಧರ ಬಂದು, "ವೈನೀ, ಈ ಡಬ್ಬಿ ಇಟಗೊಂಡು ಏನ್ ಮಾಡ್ತೀರಿ? ಗುಜರಿಗೆ ಹಾಕೂಣು" ಎಂದ.

"ಇದರ ಹತ್ತರ ಕುಂಡ್ರಿಸಿದ್ರ ಅವರು ಮಾತಾಡ್ತಾರ."

"ಡಾಕ್ಟರ್ ಕೈಲೆ ಆಗದ್ದು ಡಬ್ಬಿ ಕೈಲೆ ಆಕ್ಕೈತಿ?"

ಅವಳು ಬ್ರೇಕಿನ ರಬ್ಬರುಗಳನ್ನು ತಂದು ತಾನೇ ಬದಲಿಸಿದಳು, ಎಣ್ಣೆ ತುಂಬಿದಳು. ಉಗುರು ಕಿತ್ತು ರಕ್ತ ಬಂತು. ಚೆಲ್ಲಿದ ಎಣ್ಣೆಗೆ ನನ್ನ ಕೆಂಪು ಬಣ್ಣ ಬೊಬ್ಬೆಯೆದ್ದಿತು. ಇನ್ನು ಗಾಳಿ ತೆಗೆಯಬೇಕು. ಗಂಡನನ್ನು ಎತ್ತಿ ತಂದು ಚಾಲಕನ ಸೀಟಿನಲ್ಲಿ ಕೂರಿಸಿ, ಅವನ ಎಡಗಾಲನ್ನು ಪೆಡಲಿನ ಮೇಲಿಟ್ಟಳು. ತಾನು ಚಕ್ರದ ಬದಿಗೆ ಮಲಗಿ, "ಒತ್ರೀ" ಎಂದಳು. ಅವನು ತುಳಿದನೋ ಇಲ್ಲವೋ ಅವಳಿಗೆ ತಿಳಿಯದು. "ಹಿಡದೀನಿ ಅನ್ರೀ, ಒಮ್ಮೆ ಅನ್ರೀ!" ಅವನು ಸುಮ್ಮನೆ ಕಾಲೆತ್ತಿಬಿಡುವನು. ಗಾಳಿ ಒಳಗೆ ನುಗ್ಗುವುದು. ಭಾನುವಾರದ ಮೇಲೆ ಭಾನುವಾರ ಹೀಗೇ ಕಳೆಯಿತು. ಒಂದು ಸಲ ಅವಳು ಸ್ಪ್ಯಾನರನ್ನು ಗೋಡೆಗೆಸೆದು, ನನ್ನ ಚಕ್ರಕ್ಕೆ ಹಣೆ ಒತ್ತಿ ಅತ್ತಳು.

ಅಳುತ್ತಿದ್ದವಳು ತಟ್ಟನೆ ಎದ್ದು ಕೂತಳು.

"ಹಿಡದೀನಿ ಅನ್ನೂದು ನನ್ನ ಮಾತು," ಎಂದಳು ನನಗೋ ತನಗೋ. "ಅವರ ಬಾಯಾಗ ಅದು ಯಾವಾಗಿತ್ತು?"

ಅವನನ್ನು ಇಳಿಸಿ, ಚಕ್ರದ ಪಕ್ಕ ಮಣೆ ಹಾಕಿ ಕೂರಿಸಿದಳು. ಎಡಗೈಗೆ ಸ್ಪ್ಯಾನರ್ ಕೊಟ್ಟು ತಿರುಪಿಗೆ ಸಿಕ್ಕಿಸಿದಳು. ತಾನು ಬಂದು ತನ್ನ ಹಳೆಯ ಜಾಗದಲ್ಲಿ ಕೂತು, ಪೆಡಲಿನ ಮೇಲೆ ಕಾಲಿಟ್ಟು ಕಾದಳು. ಆಮೇಲೆ ಕೆಳಗಿನಿಂದ, ತುಕ್ಕು ಹಿಡಿದ ಬಾಗಿಲು ಸರಿದಂತೆ ಒಂದು ದನಿ.

"ಒತ್ತು."

ನೀಲಾ ತುಳಿದಳು. "ಹಿಡದೀನ್ರೀ!" ಎಂದು ಕೂಗಿದಳು. ಬೀದಿಗೆಲ್ಲ ಕೇಳಿಸಿರಬೇಕು. ತಿರುಪು ಸಡಿಲವಾಯಿತು, ಎಣ್ಣೆ ಬುಸುಗುಟ್ಟಿತು, ಪೆಡಲು ನೆಲ ಮುಟ್ಟಿತು. ಇನ್ನು ಅವನು ತಿರುಪು ಬಿಗಿದು "ಬಿಡು" ಎಂಬ ಆ ಕೊನೆಯ ಮಾತು ಆಡಬೇಕು.

"ಒತ್ತು," ಎಂದ ಗುರುಸಿದ್ಧ.

"ಒತ್ತೀನ್ರೀ. ಹಿಡದೀನ್ರೀ. ತಿರುಪು ಬಿಗೀರಿ."

"ಒತ್ತು."

ಅವನು ಬಿಗಿಯಲಿಲ್ಲ. ಅವಳು ಕಾಲು ತೆಗೆಯಲಿಲ್ಲ. ತೆಗೆದರೆ ಎಲ್ಲ ಹಾಳಾಗುತ್ತದೆ. ಬಿಸಿಲು ಇಳಿಯಿತು. ಶಶಿಧರ ಬಂದಾಗ ಅವಳ ಮೀನಖಂಡ ಕಲ್ಲಾಗಿತ್ತು.

"ವೈನೀ! ಏನಿದು? ಕಾಲ ತಗೀರಿ!"

"ಅವರು ಹೇಳ್ಲಿ," ಎಂದಳು.

ಅಣ್ಣನ ಕೈಯಿಂದ ಸ್ಪ್ಯಾನರ್ ಬಿಡಿಸಿ ತಿರುಪು ಬಿಗಿದವನು ಶಶಿಧರನೇ. ಅವಳನ್ನು ಹೆಗಲು ಕೊಟ್ಟು ಇಳಿಸಿಕೊಂಡ.

ಗುರುಸಿದ್ಧನಿಗೆ ಮರಳಿ ಬಂದದ್ದು ಆ ಒಂದೇ ಮಾತು. ನೀರು ಬೇಕಾದರೂ ಒತ್ತು. ಬೆನ್ನು ನೋಯುತ್ತಿದ್ದರೂ ಒತ್ತು. ಕಿಟಕಿಯಿಂದ ನನಗೆ ಕೇಳಿಸುತ್ತಿತ್ತು. ಪ್ರತಿ ಸಲವೂ ಅವಳು, "ಹಿಡದೀನ್ರೀ" ಎಂದು ಎದ್ದು ಹೋಗುವಳು. ತನ್ನ ಹೆಸರು ಹೇಳೆಂದು ಕೇಳುವುದನ್ನು ಬಿಟ್ಟಿದ್ದಳು. ಅವನು ಹೋದದ್ದೂ ಆ ಮಾತಿನೊಂದಿಗೇ.

ಈಗ ನಾನು ಲೇತ್ ಶೆಡ್ಡಿನ ಹಿಂದೆ, ತಾಡಪತ್ರಿಯಡಿ ಇದ್ದೇನೆ. ಟೈರು ಮಣ್ಣಿಗಿಳಿದಿವೆ. ನಾಳೆ ಗುಜರಿಯವರು ಬರುತ್ತಾರೆ. ಈ ಸಲ ನೀಲಾ ಬೇಡವೆನ್ನಲಿಲ್ಲ.

ಸಂಜೆ ಅವಳು ಬಂದಳು. ತಾಡಪತ್ರಿ ಸರಿಸಿ ಒಳಗೆ ಕೂತು, ಪೆಡಲು ತುಳಿದಳು. ಎಣ್ಣೆಯಿಲ್ಲದ ಪೆಡಲು ಸದ್ದಿಲ್ಲದೆ ನೆಲ ಮುಟ್ಟಿತು.

"ಹಿಡದೀನ್ರೀ," ಎಂದಳು, ಮೆಲ್ಲಗೆ.

ಆ ಕೊನೆಯ ಮಾತು ನನಗೆ ಬಾಯಿಪಾಠ. ಹೇಳಲು ಬಾಯಿಲ್ಲ. ಕತ್ತಲಾಗುತ್ತಿದೆ, ಅವಳು ಇನ್ನೂ ಕಾಲು ತೆಗೆದಿಲ್ಲ.