ನೋವು ಬರುವ ಹೊತ್ತು

"ಇಲ್ಲಿ?" ಎಂದರು ಡಾಕ್ಟರಮ್ಮ.

ಅಟೆಂಡರ್ ಮೇಕೆಯ ಹಿಂಗಾಲಿಗೆ, ಗೊರಸಿನ ಮೇಲಿನ ಚರ್ಮಕ್ಕೆ ಸೂಜಿ ಚುಚ್ಚಿದ. ಮೇಕೆ ಮಿಸುಕಲಿಲ್ಲ. "ಇಲ್ಲ ಮೇಡಂ."

"ತೊಡೆ?"

"ಅಲ್ಲೂ ಇಲ್ಲ."

ಸೂಜಿ ನೋಡಿ ಬೆದರಬಾರದೆಂದು ಮೇಕೆಯ ಕಣ್ಣಿಗೆ ಟವೆಲು ಕಟ್ಟಿದ್ದರು. ಕಣ್ಣು ಕಟ್ಟಿದರೇನು, ಬಾಯಿ ಇತ್ತಲ್ಲ. ಡಾಕ್ಟರಮ್ಮ ಬರೆದಿಟ್ಟ ಹಾಳೆಯ ಒಂದು ಮೂಲೆಯನ್ನು ಆಗಲೇ ಸ್ವಾಹಾ ಮಾಡಿತ್ತು. "ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಇದು ನನ್ನ ಪಿಎಚ್‌ಡಿನೂ ಬಿಡಲ್ಲ," ಎಂದು ಆಕೆ ನಕ್ಕರು.

ಆಕೆಯ ಪ್ರಯೋಗ ಮರಗಟ್ಟಿಸುವ ಔಷಧಿಗಳದ್ದು. ಸೊಂಟದ ಬಳಿ ಬೆನ್ನುಮೂಳೆಯ ಸಂದಿಗೆ ಒಂದೇ ಔಷಧಿ ಕೊಟ್ಟರೆ ಮೇಕೆಯ ಹಿಂಭಾಗ ಒಂದು ಗಂಟೆ ಮರಗಟ್ಟುತ್ತಿತ್ತು. ಎರಡನ್ನು ಒಂದೇ ಸಿರಿಂಜಿನಲ್ಲಿ ಕೂಡಿಸಿ ಕೊಟ್ಟರೆ ಹತ್ತಿರ ಹತ್ತಿರ ಮೂರು ಗಂಟೆ. ನೋವು ತಿರುಗಿ ಯಾವಾಗ ಬರುತ್ತದೆಂದು ಹತ್ತು ನಿಮಿಷಕ್ಕೊಮ್ಮೆ ಚುಚ್ಚಿ ನೋಡುವುದು ಅಟೆಂಡರನ ಕೆಲಸ.

ಮೂರು ಗಂಟೆ ತುಂಬುವ ಹೊತ್ತಿಗೆ ಮೇಕೆ ಝಾಡಿಸಿ ಒದೆಯಿತು. ಡಾಕ್ಟರಮ್ಮ ಗಡಿಯಾರ ನೋಡಿ ಬರೆದುಕೊಂಡರು. ಅವನು ಒದೆ ತಿಂದ ಮೊಣಕೈ ಉಜ್ಜಿಕೊಳ್ಳುವುದನ್ನೂ ಮರೆತು ಆ ಕಾಲನ್ನೇ ನೋಡುತ್ತಾ ಕುಳಿತ. ಅವನಿಗೆ ಹೊಟ್ಟೆಕಿಚ್ಚಾಯಿತು, ಅದೂ ಒಂದು ಮೇಕೆಯ ಮೇಲೆ. ಮಹಡಿ ಮೆಟ್ಟಿಲಿನಿಂದ ಬಿದ್ದ ಅವನ ಹೆಂಡತಿಗೆ ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದೆ ಎಂಟು ತಿಂಗಳಾಗಿತ್ತು.

"ಮೇಡಂ, ಎರಡು ಔಷಧಿ ಕೂಡಿಸಿದ್ರೆ ಮರಗಟ್ಟೋದು ಜಾಸ್ತಿ ಆಗುತ್ತಲ್ಲ, ಹಾಗೇ ಯಾವುದಾದ್ರೂ ಎರಡು ಕೂಡಿಸಿ ಮರಗಟ್ಟಿದ್ದನ್ನ ಬಿಡಿಸೋಕಾಗಲ್ವಾ?"

ಯಾರ ವಿಷಯವೆಂದು ಆಕೆಗೆ ಗೊತ್ತಿತ್ತು. "ಇದು ನಾವೇ ಹಾಕಿದ ಗಂಟು ಅಣ್ಣ, ಹೊತ್ತಾದ್ರೆ ತಾನಾಗೇ ಬಿಚ್ಕೊಳ್ಳುತ್ತೆ. ಅದು..." ಎಂದವರು ಮೇಕೆಯ ಟವೆಲು ಬಿಚ್ಚತೊಡಗಿದರು.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅವನು ಎಂದಿನಂತೆ ಹೊಸ ಸೂಜಿಯೊಂದನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದ. ಇನ್ನೂ ಬಿಸಿಲಿತ್ತು. ಹೆಂಡತಿ ಮಂಚದಲ್ಲಿ ದಿಂಬಿಗೊರಗಿ ಬಟ್ಟೆ ಮಡಚುತ್ತಿದ್ದಳು.

"ಶುರುವಾಯ್ತಾ ನಿಮ್ಮ ಪರೀಕ್ಷೆ? ನಾನೇನು ಮೇಕೆನಾ?"

"ಸುಮ್ನೆ ಕಣ್ಮುಚ್ಚು. ಕದ್ದು ನೋಡಬಾರದು ಮತ್ತೆ."

ಅವಳು ಕಣ್ಣು ಮುಚ್ಚಿದಳು. ಅವನು ಹೆಬ್ಬೆರಳಿಗೆ ಚುಚ್ಚಿದ. "ಇಲ್ಲಿ?"

"ಇಲ್ಲ."

ಪಾದಕ್ಕೆ ಚುಚ್ಚಿದ. "ಇಲ್ಲಿ?"

"ಇಲ್ಲ ಕಣ್ರೀ."

ದಿನದಿಂದ ದಿನಕ್ಕೆ ಅವನ ದನಿ ಇಳಿಯುತ್ತಿದ್ದುದು ಅವಳಿಗೆ ಕೇಳದೇ ಇರುತ್ತದೆಯೇ? ಅವನು ಮೊಣಕಾಲಿನ ಬಳಿಗೆ ಬಂದ. "ಇಲ್ಲಿ?"

"ಸ್ಸ್! ಹ್ಞೂಂ ಕಣ್ರೀ, ಚುಚ್ತು! ಇರುವೆ ಕಚ್ಚಿದ ಹಾಗಾಯ್ತು."

ಸೂಜಿ ಇನ್ನೂ ಚರ್ಮಕ್ಕೆ ತಾಗಿಯೇ ಇರಲಿಲ್ಲ, ಮೊಣಕಾಲಿಗಿಂತ ಗೇಣು ಮೇಲೆ ಅವನ ಕೈಯಲ್ಲೇ ಇತ್ತು.

ಅವನು ಸೂಜಿಗೆ ಮುಚ್ಚಳ ಹಾಕಿದ. "ನಾನು ಹೇಳಿರ್ಲಿಲ್ವಾ, ಬರುತ್ತೆ ಅಂತ," ಎಂದ. ಮಂಚದ ಕಾಲ್ದೆಸೆಯಲ್ಲಿ ನೆಲದ ಮೇಲೆ ಕುಳಿತು, ಅವಳ ಎರಡೂ ಪಾದಗಳನ್ನು ಗಟ್ಟಿಯಾಗಿ ಹಿಡಿದು ಕೆನ್ನೆಗೊತ್ತಿಕೊಂಡ.

ಅವಳು ಇನ್ನೂ ಕಣ್ಣು ತೆರೆದಿರಲಿಲ್ಲ. ನಗುಮುಖ ಹಾಗೆಯೇ ಇತ್ತು. ತುಸು ಹೊತ್ತು ಕಾದಳು.

"ರೀ," ಎಂದಳು, "ಎಲ್ಲಿ ಹೋದ್ರಿ?"