ಹೊಳೆಯ ಮುಂದಿನ ನುಡಿ

ನಮ್ಮ ಬಣ್ಣದ ಶೆಡ್ಡಿನಲ್ಲಿ ಗಡಿಯಾರ ಬಾಳುವುದಿಲ್ಲ. ಹಂಡೆಯ ಹಬೆ ಕುಡಿದು ಎಂಥದ್ದೂ ನಿಂತುಹೋಗುತ್ತದೆ. ಅದಕ್ಕೇ ಅಜ್ಜನ ಕಾಲದಿಂದ ನಮಗೆ ಒಂದು ಹಳೆಯ ಪದ್ಯವೇ ಗಡಿಯಾರ. ಅದರಲ್ಲಿ ಒಬ್ಬ ಮನೆ ಬಿಟ್ಟು ಹೊರಡುತ್ತಾನೆ, ಬೆಟ್ಟ ಹತ್ತುತ್ತಾನೆ, ಜೊತೆಗಾರನನ್ನು ಕಳೆದುಕೊಳ್ಳುತ್ತಾನೆ, ಕೊನೆಗೆ ದೋಣಿಯಿಲ್ಲದ ಹೊಳೆಯ ದಡಕ್ಕೆ ಬಂದು ನಿಲ್ಲುತ್ತಾನೆ. ಒಂದೊಂದು ನುಡಿಯನ್ನೂ ಎಳೆದೆಳೆದು, ತಿರುತಿರುಗಿ ಹಾಡುತ್ತ ಕೋಲಿನಿಂದ ಬಟ್ಟೆ ಮಗುಚಬೇಕು. ಹೊಳೆ ಬಂತೆಂದರೆ ಬಟ್ಟೆ ಎತ್ತಬೇಕು. ಮುಂದಿನ ನುಡಿ ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಬಣ್ಣ ಸೋರುವ ಬಟ್ಟೆ ಹೊತ್ತು ಓಡುವಾಗ ಪದ್ಯ ಯಾರಿಗೆ ಬೇಕು?

ನನ್ನ ಬಾಳೂ ಹಾಗೇ. ಅಮ್ಮ ಹಾಸಿಗೆ ಹಿಡಿದಳೆಂದು ಶಾಲೆ ಅರ್ಧಕ್ಕೆ ನಿಂತಿತು. ಗೊತ್ತಾದ ಮದುವೆ ಅರ್ಧಕ್ಕೆ ಮುರಿಯಿತು. ಎಲ್ಲವೂ ದಡದವರೆಗೆ. ಇದನ್ನು ನೆನೆದರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ.

ಅಪ್ಪ ಹೋದ ಮೇಲೆ ಶೆಡ್ಡು ಮುಚ್ಚುವುದೇ ಅಣ್ಣನ ಜಪವಾಯಿತು. ಅಷ್ಟರಲ್ಲಿ ನಾಟಕಶಾಲೆಯಿಂದ ಬಣ್ಣಕ್ಕೆಂದು ಎರಡು ಪರದೆ ಬಂದವು, ಜೊತೆಗೆ ಹಳೆಯ ಪರದೆಯದೊಂದು ತುಂಡು. ಅದರ ಕಡುನೀಲಿಯೇ ಬೇಕಂತೆ. ಎಂದಿನಂತೆ ಹೊಳೆಯ ನುಡಿಗೇ ಎತ್ತಿದ ನಮ್ಮ ಮಾದರಿ ಬಟ್ಟೆ ಮಾಸಲಾಗಿತ್ತು. ಎರಡು ಸಲ ಅದ್ದಿದರೆ ಪಟ್ಟೆ ಬೀಳುತ್ತದೆ; ಒಂದೇ ಸಲಕ್ಕೆ ಇನ್ನಷ್ಟು ಹೊತ್ತು ಬಿಡಬೇಕು.

"ಇದು ಕೆಟ್ಟರೆ ನಾಳೆನೇ ಬೀಗ," ಎಂದ ಅಣ್ಣ.

"ಹಾಕೋವಂತೆ. ಮೊದಲು ಕೆಡಲಿ," ಎಂದೆ.

ಸಂಜೆ ಪಕ್ಕದ ಮನೆಯ ಟೀಚರಮ್ಮನ ಬಾಗಿಲು ತಟ್ಟಿದೆ. "ಹೊಳೆ ಆದ್ಮೇಲೆ ಏನಿದೆ ಟೀಚರ್?"

ಅವರು ನಕ್ಕರು. "ಇಷ್ಟು ವರ್ಷ ಗೋಡೆಯಾಚೆಯಿಂದ ಕೇಳ್ತಾ ಇದೀನಮ್ಮ. ಪಾಪ, ಅವನನ್ನ ಅಲ್ಲೇ ನಿಲ್ಲಿಸಿಬಿಡ್ತೀರಲ್ಲ ಅಂದ್ಕೊಳ್ತಿದ್ದೆ." ಆಮೇಲೆ ಕೊನೆಯ ನುಡಿ ಹೇಳಿಕೊಟ್ಟರು. ಅವನು ದೋಣಿಗೆ ಕಾಯುವುದಿಲ್ಲ. ಉಟ್ಟ ಬಟ್ಟೆ ಮೇಲೆತ್ತಿ ಕಟ್ಟಿ ನೀರಿಗಿಳಿಯುತ್ತಾನೆ.

"ದಾಟಿದ್ನಾ?"

"ಅದನ್ನ ಹೇಳಿಲ್ಲ. ಇಳಿದ ಅಂತ ಅಷ್ಟೇ."

ನನಗೆ ಅಷ್ಟೇ ಸಾಕಾಗಿತ್ತು.

ಬೆಳಿಗ್ಗೆ ಮೊದಲ ಪರದೆಯನ್ನು ಹಂಡೆಗೆ ಬಿಟ್ಟೆವು. ಅಣ್ಣ ಆಚೆ ಕಡೆ, ನಾನು ಈಚೆ ಕಡೆ. ಬೆಟ್ಟವಾಯಿತು, ಜೊತೆಗಾರ ಹೋದ, ಹೊಳೆ ಬಂತು. ಅಣ್ಣ ಕೋಲು ಎತ್ತಿದ.

"ಇಳಿಸು," ಎಂದೆ.

"ತಲೆ ಕೆಟ್ಟಿದೆಯಾ? ಹೊಳೆ ಮೀರಿದ್ರೆ ನೂಲು ಸಾಯುತ್ತೆ ಅಂತ ಅಪ್ಪ..."

"ಅಪ್ಪ ಮೀರಿ ನೋಡಿದ್ರಾ? ಕೋಲು ಇಳಿಸು ಅಣ್ಣ. ಕೆಟ್ರೆ ಬೀಗ ನಾನೇ ಹಾಕ್ತೀನಿ."

ಅವನ ಕೋಲನ್ನು ನನ್ನ ಕೋಲಿನಿಂದ ಒತ್ತಿ ಹಿಡಿದೆ. ಹೊಸ ನುಡಿಯನ್ನು ಎಳೆದೆಳೆದು, ಒಂದಕ್ಷರ ಬಿಡದೆ ಹಾಡಿದೆ. ಅದು ಮುಗಿದ ಮೇಲೇ ಎತ್ತಿದೆ.

ಜಾಲಿಸಿ ಒಣಹಾಕಿದೆವು. ಮಧ್ಯಾಹ್ನ ಅಣ್ಣ ಹಳೆಯ ಪರದೆಯ ತುಂಡನ್ನು ಅದರ ಮೇಲಿಟ್ಟು, ನೂಲು ಜಗ್ಗಿ ನೋಡಿ, ತುಂಡು ಎಲ್ಲಿದೆಯೆಂದು ಬೆರಳಿನಿಂದ ತಡವಿ ಹುಡುಕಿದ. ಕಣ್ಣಿಗೆ ಬೇರೆಯಾಗಿ ಕಾಣಲಿಲ್ಲ, ನೂಲೂ ಹರಿದಿರಲಿಲ್ಲ. ಹೊಗಳುವ ಜಾಯಮಾನ ನಮ್ಮ ಮನೆಯವರದಲ್ಲ. ಅವನು ತುಂಡನ್ನು ಮಡಚಿ ಜೇಬಿಗಿಟ್ಟ.

"ಆ ಕೊನೇದು," ಎಂದ, "ನಂಗೂ ಹೇಳಿಕೊಡು."

"ಕೋಲು ಹಿಡಿ," ಎಂದೆ. "ಇನ್ನೊಂದು ಪರದೆ ಇದೆ."